ಅರಸನ ಅಂಕಿತ ಮತ್ತು ಅಂತಃಸಾಕ್ಷಿ

ಸಂವಿಧಾನಬದ್ಧವಾದ ಅರಸೊತ್ತಿಗೆಯಲ್ಲಿ ದೊರೆಯ ರಾಜಕೀಯ ಅಧಿಕಾರವೆಷ್ಟೆಂಬ ಪ್ರಶ್ನೆಯನ್ನು ಇಂಗ್ಲೆಂಡಿನ ನಿದರ್ಶನದಿಂದ ವಿವೇಚಿಸುವುದು ವಾಡಿಕೆ. ಅಲ್ಲಿ 1708ರಲ್ಲಿ ಆನ್ ರಾಣಿಯು ಸ್ಕಾಟ್ಲೆಂಡಿನ ಸೇನಾದಳವನ್ನು ಕುರಿತ ಮಸೂದೆಗೆ ಸಮ್ಮತಿ ನಿರಾಕರಿಸಿದ ತರುವಾಯ ಯಾವ ದೊರೆಯೂ ಅಂಥ ಸಾಹಸಕ್ಕೆ ಕೈಯಿಕ್ಕಿಲ್ಲ. ಆದುದರಿಂದ ಆ ಅಧಿಕಾರವು ಉಳಿದಿದೆಯೋ ಅಳಿದಿದೆಯೋ ಎಂಬುದು ಅಲ್ಲಿ ಒರೆಗೆ ಹತ್ತಲೇ ಇಲ್ಲ. ಒರೆಗೆ ಹತ್ತಿದುದು ಬೆಲ್ಜಿಯಮ್ ದೇಶದಲ್ಲಿ, 1990ರಲ್ಲಿ.

ಬೆಲ್ಜಿಯಮ್ಮಿನ 1831ರ ಸಂವಿಧಾನವು ಅರಸನಿಗೆ ಕೊಟ್ಟುದೂ ಬಹಳ, ಕಟ್ಟಿಹಾಕಿದುದೂ ಬಹಳ. ಶಾಸನಾಧಿಕಾರದಲ್ಲಿ ಸಂಸತ್ತಿನ ಎರಡು ಸದನಗಳೊಡನೆ ಅವನೂ ಪಾಲುಗಾರ. ಅವನ ಅಂಕಿತವಿಲ್ಲದೆ ಮಸೂದೆ ಕಾನೂನಾಗದು. ಆದರೆ ಮಂತ್ರಿಯ ಸಹಿ ಜೊತೆಗೂಡದೆ ಅವನ ಯಾವ ಕಾರ್ಯವೂ ಊರ್ಜಿತವಾಗದು.

ಈ ಕಟ್ಟನ್ನು ಮೀರಿದ ಫಲವನ್ನು ಆ ಮನೆತನ ಒಮ್ಮೆ ಉಂಡಿತ್ತು. 1940ರ ಮೇ 28ರಂದು ಮೂರನೆಯ ಲಿಯೊಪೋಲ್ಡನು ಮಂತ್ರಿಗಳ ಮಾತನ್ನು ಲೆಕ್ಕಿಸದೆ ಜರ್ಮನ್ ಸೇನೆಗೆ ಶರಣಾಗಿ ಸೆರೆಯಾದನು. ಅರಸನು ಆಳಲು ಅಸಮರ್ಥನಾದಾಗ ಅನುಸರಿಸಬೇಕಾದ 82ನೆಯ ವಿಧಿಯನ್ನು ಮಂತ್ರಿಮಂಡಲವು ಆಗ ಆಶ್ರಯಿಸಿತು. 1950ರ ಜನಮತಗಣನೆಯಲ್ಲಿ ಶೇಕಡ 57ಕ್ಕೂ ಮಿಕ್ಕ ಮತಗಳು ಅವನ ಪುನರಾಗಮನದ ಪರವಾಗಿ ಬಂದರೂ, ವಾಲೋನಿಯಾ ಪ್ರಾಂತದ ಬಹುಮತವು ಅವನಿಗೆ ವಿರುದ್ಧವಾಗಿತ್ತು. ಮುಷ್ಕರಗಳಾದವು, ಪ್ರಾಣಹಾನಿಯಾಯಿತು. 1951ರಲ್ಲಿ ಅವನು ಮಗ ಬೋದುವಾನನಿಗೆ ಸಿಂಹಾಸನವನ್ನು ಬಿಟ್ಟುಕೊಟ್ಟನು.

ಆ ಮಗನೇ ನಮ್ಮ ಪ್ರಕರಣದ ಅರಸು. 1990ರ ಮಾರ್ಚ್ 29ರಂದು, ಗರ್ಭಪಾತವನ್ನು ಹನ್ನೆರಡು ವಾರಗಳ ಮಿತಿಯೊಳಗೆ, ಕೆಲವು ನಿಬಂಧನೆಗಳಿಗೊಳಪಡಿಸಿ ದಂಡನೆಯಿಂದ ಮುಕ್ತಗೊಳಿಸುವ ಮಸೂದೆಯನ್ನು ಕೆಳಮನೆಯು ಅಂಗೀಕರಿಸಿತು. ಮೇಲ್ಮನೆಯು ಹಿಂದಿನ ನವೆಂಬರಿನಲ್ಲಿಯೇ ಒಪ್ಪಿತ್ತು. ನಿಷ್ಠಾವಂತ ಕ್ಯಾಥೊಲಿಕನಾದ ಬೋದುವಾನನು ಮರುದಿನವೇ ಪ್ರಧಾನಮಂತ್ರಿ ವಿಲ್‌ಫ್ರೀಡ್ ಮಾರ್ಟೆನ್ಸರಿಗೆ ಪತ್ರ ಬರೆದು, ತಾನು ಅಂಕಿತ ಹಾಕಲಾರೆನೆಂದು ತಿಳಿಸಿದನು. ಅಂತಃಸಾಕ್ಷಿಯ ಸ್ವಾತಂತ್ರ್ಯವು ಪ್ರಜೆಗಳೆಲ್ಲರಿಗೂ ಇದ್ದು ಅರಸನೊಬ್ಬನಿಗೆ ಮಾತ್ರ ಇಲ್ಲವೆ, ಎಂಬುದು ಅವನ ಪ್ರಶ್ನೆಯ ತಿರುಳು. ಪತ್ರದ ಹಿರಿಮೆಯಿರುವುದು ಅದಕ್ಕೆ ಮುಂದಿನ ಮಾತಿನಲ್ಲಿ: ಸಂಸತ್ತಿನ ಕಾರ್ಯಕ್ಕೆ ಅಡ್ಡಿಯಾಗುವುದು ತನ್ನ ಇಚ್ಛೆಯಲ್ಲ, ಅದು ಸಾಗುವಂತೆ ಕಾನೂನಿನ ಮಾರ್ಗವೊಂದನ್ನು ಸರಕಾರವು ಹುಡುಕಲಿ.

ಸರಕಾರ ಹುಡುಕಿದುದು ಅದೇ 82ನೆಯ ವಿಧಿಯನ್ನು! ಅರಮನೆಯಲ್ಲಿ ಆರೋಗ್ಯವಾಗಿದ್ದ ಅರಸನು 'ಆಳಲು ಅಸಮರ್ಥ'ನೆನಿಸಿದನು. ಏಪ್ರಿಲ್ 3ರಂದು ಮಂತ್ರಿಗಳೆಲ್ಲರೂ ಕೂಡಿ, ಬೆಲ್ಜಿಯಮ್ ಜನತೆಯ ಹೆಸರಿನಲ್ಲಿ ಮಸೂದೆಗೆ ಅಂಕಿತ ಹಾಕಿದರು. 5ರಂದು ಉಭಯ ಸದನಗಳು ಒಟ್ಟಾಗಿ ಸೇರಿ ಅವನಿಗೆ ಅಧಿಕಾರವನ್ನು ಮರಳಿಸಿದವು: ಪರವಾಗಿ 245, ವಿರುದ್ಧವಾಗಿ ಒಂದೂ ಇಲ್ಲ, ತಟಸ್ಥರು 93.

ತಂದೆಯ ಅಸಾಮರ್ಥ್ಯ ವಾಸ್ತವವಾದುದು, ಮಗನದು ಕಲ್ಪಿತವಾದುದು. ಸೆರೆ, ರೋಗಗಳಂಥ ಆಪತ್ತಿಗೆಂದು ಬರೆದ ವಿಧಿಯನ್ನು ಅಂತಃಸಾಕ್ಷಿಗೆ ಅನ್ವಯಿಸಿದುದು ಅಕ್ಷರವನ್ನು ಎಳೆದಾಡಿದಂತೆಯೇ ಸರಿ. ಆದರೂ ಮಸೂದೆ ನಿಲ್ಲಲಿಲ್ಲ. ಅರಸನ ಕೈ ಅದನ್ನು ಮುಟ್ಟಲೂ ಇಲ್ಲ. ಅಂಕಿತವನ್ನು ತಡೆಹಿಡಿವ ಅಧಿಕಾರವು ಬರಹದಲ್ಲಿ ಅವನದೇ. ಚಲಾಯಿಸಿದ ಗಳಿಗೆಯಲ್ಲಿ ಅವನು ಅರಸನಾಗಿ ಉಳಿಯಲಾರನೆಂಬುದು ಆ ಎರಡು ದಿನಗಳಲ್ಲಿ ಬಯಲಾಯಿತು.

ನೆರೆಯ ಲುಕ್ಸೆಂಬರ್ಗ್ ಬೇರೆ ದಾರಿ ಹಿಡಿಯಿತು. 2008ರಲ್ಲಿ ದಯಾಮರಣದ ಮಸೂದೆಗೆ ಸಮ್ಮತಿಸಲಾರೆನೆಂದು ಗ್ರ್ಯಾಂಡ್ ಡ್ಯೂಕ್ ಹೆನ್ರಿ ಹೇಳಿದಾಗ, ಅಲ್ಲಿಯ ಸಂಸತ್ತು 2009ರ ಮಾರ್ಚ್‌ನಲ್ಲಿ ಸಂವಿಧಾನವನ್ನೇ ತಿದ್ದಿ 'ಸಮ್ಮತಿ'ಯೆಂಬ ಪದವನ್ನು ತೆಗೆದುಹಾಕಿ, ದೊರೆಗೆ ಕಾನೂನನ್ನು ಘೋಷಿಸುವ ಕೆಲಸವನ್ನಷ್ಟೇ ಉಳಿಸಿತು. ಬೆಲ್ಜಿಯಮ್ ತನ್ನ ವಿಧಿಯನ್ನು ತಿದ್ದಲಿಲ್ಲ. 1993ರಲ್ಲಿ ಬೋದುವಾನನು ತೀರಿಕೊಂಡ ಮೇಲೆ ಪಟ್ಟವೇರಿದ ತಮ್ಮ ಎರಡನೆಯ ಆಲ್ಬರ್ಟನು, 2002ರಲ್ಲಿ ಅದೇ ದಯಾಮರಣದ ಕಾನೂನಿಗೆ ಅಂಕಿತ ಹಾಕಿದನು.