ಓದಲೆಂದು ಆದ ಮದುವೆ

ಕಳೆದ ಬೇಸಿಗೆ ರಜೆಗೆ ಬಂದ ತಂಗಿಯ ಮಗಳು ಒಂದು ಇಂಗ್ಲಿಷ್ ಕಾದಂಬರಿಯಲ್ಲಿ ಮುಳುಗಿಹೋಗಿದ್ದಳು. ಆಲಿ ಹೇಝಲ್‌ವುಡ್ ಬರೆದ, 2021ರಲ್ಲಿ ಪ್ರಕಟವಾದ 'ದ ಲವ್ ಹೈಪಾಥಿಸಿಸ್'. ಸಂಶೋಧನೆ ಮಾಡುತ್ತಿರುವ ಹುಡುಗಿಯೊಬ್ಬಳು ಗೆಳತಿಯನ್ನು ನಂಬಿಸಲೆಂದು ಒಬ್ಬ ಪ್ರೊಫೆಸರನೊಡನೆ ಪ್ರೇಮದ ನಾಟಕ ಹೂಡುತ್ತಾಳೆ. ಇವಳು ನಗುಮುಖದವಳು, ಅವನು ಸದಾ ಸಿಡುಕ. ಕೊನೆಗೆ ನಾಟಕವೇ ನಿಜವಾಗುತ್ತದೆ.

"ಇಂಥದ್ದೆಲ್ಲ ಎಲ್ಲಾದರೂ ನಡೆಯುತ್ತದಾ ದೊಡ್ಡಮ್ಮ?" ಎಂದು ಅವಳೇ ನಕ್ಕಳು.

ನಡೆದಿದೆ ಎಂದೆ. ನಡೆದದ್ದು 1868ರಲ್ಲಿ, ರಷ್ಯಾದಲ್ಲಿ. ಅಲ್ಲಿ ನಾಟಕ ಹೂಡಿದ್ದು ಗಣಿತ ಕಲಿಯುವುದಕ್ಕಾಗಿ.

ಸೋಫಿಯಾ ಕೊವಲೆವ್‌ಸ್ಕಾಯಾ ಹುಟ್ಟಿದ್ದು 1850ರಲ್ಲಿ, ಸೇನಾಧಿಕಾರಿಯೊಬ್ಬರ ಮಗಳಾಗಿ. ಹಳ್ಳಿಯ ಮನೆಗೆ ಗೋಡೆ ಕಾಗದ ಸಾಲದೆ, ಮಕ್ಕಳ ಕೋಣೆಗೆ ಗಣಿತದ ಉಪನ್ಯಾಸಗಳ ಹಾಳೆಗಳನ್ನೇ ಅಂಟಿಸಿದ್ದರು. ಅರ್ಥವಾಗದ ಆ ಚಿಹ್ನೆಗಳನ್ನು ನೋಡುತ್ತಲೇ ಅವಳು ಬೆಳೆದಳು. ಆದರೆ ರಷ್ಯಾದ ವಿಶ್ವವಿದ್ಯಾಲಯಗಳು ಆಗ ಹೆಣ್ಣುಮಕ್ಕಳನ್ನು ಸೇರಿಸಿಕೊಳ್ಳುತ್ತಿರಲಿಲ್ಲ. ಹೊರದೇಶಕ್ಕೆ ಹೋಗೋಣವೆಂದರೆ ಮದುವೆಯಾಗದವಳಿಗೆ ತಂದೆಯ ಅನುಮತಿ ಬೇಕು, ಮದುವೆಯಾದವಳಿಗೆ ಗಂಡನದು. ತಂದೆ ಒಪ್ಪದಿದ್ದರೆ ಉಳಿದದ್ದು ಒಂದೇ ದಾರಿ: ಒಪ್ಪುವ ಗಂಡನನ್ನು ಹುಡುಕುವುದು! ಅಂದಿನ ಪ್ರಗತಿಪರ ಯುವಕರು ಹೀಗೆ ಹೆಸರಿಗಷ್ಟೇ ಮದುವೆಯಾಗಿ ಹುಡುಗಿಯರನ್ನು ಬಿಡಿಸಿಕೊಂಡು ಹೋಗುತ್ತಿದ್ದರು.

ವ್ಲಾದಿಮಿರ್ ಕೊವಲೆವ್‌ಸ್ಕಿ ಅಂಥವನೊಬ್ಬ. ಅವನನ್ನು ಕಂಡದ್ದು ಅಕ್ಕ ಅನ್ಯೂತಾಳ ಸಲುವಾಗಿ. ಅವನು ಆರಿಸಿದ್ದು ತಂಗಿಯನ್ನು. ಅವಳಿಗೆ ಹದಿನೆಂಟು, ಅವನಿಗೆ ಇಪ್ಪತ್ತಾರು. ಅವಳದು ಸಮೀಕರಣಗಳ ಲೋಕ. ಅವನದು ಮಣ್ಣಿನಡಿ ಕಲ್ಲಾದ ಪ್ರಾಣಿಗಳ ಮೂಳೆಗಳ ಲೋಕ.

ಮದುವೆಯ ಮರುವರ್ಷ ಅವಳು ಜರ್ಮನಿಯ ಹೈಡೆಲ್‌ಬರ್ಗ್ ಸೇರಿದಳು. ಆಮೇಲೆ ಬರ್ಲಿನ್. ಅಲ್ಲಿಯೂ ವಿಶ್ವವಿದ್ಯಾಲಯದ ಬಾಗಿಲು ಮುಚ್ಚಿತ್ತು. ಪ್ರಸಿದ್ಧ ಗಣಿತಜ್ಞ ವೈಯರ್‌ಸ್ಟ್ರಾಸ್ ನಾಲ್ಕು ವರ್ಷ ಅವಳಿಗೆ ಪ್ರತ್ಯೇಕವಾಗಿ ಪಾಠ ಹೇಳಿದರು. 1874ರಲ್ಲಿ ಗಾಟಿಂಗನ್ ವಿಶ್ವವಿದ್ಯಾಲಯ ಅವಳಿಗೆ ಡಾಕ್ಟರೇಟ್ ಕೊಟ್ಟಿತು. ಅಷ್ಟು ಕಲಿತು ಊರಿಗೆ ಮರಳಿದವಳಿಗೆ ಸಿಗಬಹುದಾಗಿದ್ದ ಕೆಲಸವೆಂದರೆ ಹೆಣ್ಣುಮಕ್ಕಳ ಶಾಲೆಯ ಕೆಳಗಿನ ತರಗತಿಗಳಿಗೆ ಕೂಡಿಸುವ ಕಳೆಯುವ ಲೆಕ್ಕ ಹೇಳಿಕೊಡುವುದು. ನಾನೂ ಅದನ್ನೇ ಮಾಡಿದವಳು, ಆ ಕೆಲಸ ಕೀಳಲ್ಲ. ಆದರೆ ಅವಳಿಗೆ ಬೇರೆಲ್ಲ ಬಾಗಿಲು ಮುಚ್ಚಿದ್ದರಲ್ಲ, ಅದು ಅನ್ಯಾಯ.

ಈ ನಡುವೆ ನಾಟಕ ನಿಜವಾಯಿತು. ಅವರು ಗಂಡಹೆಂಡಿರಾಗಿ ಬಾಳಿದರು. 1878ರಲ್ಲಿ ಮಗಳು ಹುಟ್ಟಿದಳು. ಕಾದಂಬರಿಯಾಗಿದ್ದರೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಮನೆ ಕಟ್ಟಿಸುವ ವ್ಯವಹಾರಕ್ಕೆ ಕೈಹಾಕಿ ಸಾಲದಲ್ಲಿ ಮುಳುಗಿದ ವ್ಲಾದಿಮಿರ್ 1883ರಲ್ಲಿ ಆತ್ಮಹತ್ಯೆ ಮಾಡಿಕೊಂಡ. ಅದೇ ವರ್ಷ ಸೋಫಿಯಾ ಸ್ವೀಡನ್ನಿನ ಸ್ಟಾಕ್‌ಹೋಮ್‌ಗೆ ಪಾಠ ಹೇಳಲು ಹೊರಟಳು. 1888ರಲ್ಲಿ ಫ್ರೆಂಚ್ ವಿಜ್ಞಾನ ಅಕಾಡೆಮಿ ಅವಳ ಪ್ರಬಂಧಕ್ಕೆ ಮೆಚ್ಚಿ ಬಹುಮಾನವನ್ನು 3000 ಫ್ರಾಂಕಿನಿಂದ 5000ಕ್ಕೆ ಏರಿಸಿತು. ಮರುವರ್ಷ ಪೂರ್ಣ ಪ್ರಾಧ್ಯಾಪಕಿಯಾದಳು. 1891ರಲ್ಲಿ, ನಲವತ್ತೊಂದರ ಪ್ರಾಯದಲ್ಲಿ, ನ್ಯುಮೋನಿಯಾದಿಂದ ತೀರಿಕೊಂಡಳು.

ನನ್ನ ತರಗತಿಯಲ್ಲಿ ಗಣಿತಕ್ಕೆ ನಾನೇ ಮೊದಲಿದ್ದೆ. ನಮ್ಮೂರ ಕಾಲೇಜಿನಲ್ಲಿ ಆರ್ಟ್ಸ್ ಮಾತ್ರವಿತ್ತು. ಹಾಸ್ಟೆಲಿಗೆ ಕಳಿಸಲು ಅಪ್ಪ ಒಪ್ಪಲಿಲ್ಲ, ಬಿ.ಎ. ಓದಿದೆ. ಬಿ.ಎಡ್. ಮಾಡಿದ್ದು ಮದುವೆಯಾದ ಮೇಲೆ, ಅತ್ತೆಯವರು ಹೂಂ ಎಂದದ್ದರಿಂದ. ಹೂಂ ಎಂದರಲ್ಲ ಎಂದು ಎಷ್ಟೋ ವರ್ಷ ಕೃತಜ್ಞಳಾಗಿದ್ದೆ. ಅವರನ್ನು ಕೇಳಬೇಕಾಗಿದ್ದೇ ಏಕೆ ಎಂದು ಯೋಚಿಸಿದ್ದು ಸೋಫಿಯಾಳ ಕಥೆ ಓದಿದ ಮೇಲೆ.

ಕಥೆ ಕೇಳಿದ ಹುಡುಗಿ ಪುಸ್ತಕ ಮಡಚಿಟ್ಟು ಸುಮ್ಮನೆ ಕುಳಿತಳು. ಆಮೇಲೆ ಮೆಲ್ಲಗೆ, "ಅಪ್ಪ ಗಂಡು ನೋಡ್ತಿದಾರೆ. ಎಂ.ಎಸ್ಸಿ. ಬೇಕಾದರೆ ಆ ಮನೆಯವರು ಓದಿಸ್ತಾರಂತೆ" ಎಂದಳು.

ಆ ರಾತ್ರಿಯೇ ಅವಳ ಅಪ್ಪನಿಗೆ ಫೋನ್ ಮಾಡಿದೆ. ಜಾತಕ ಕೊಡುವುದು ನಿಧಾನವಾದರೂ ಆಗಲಿ, ಎಂ.ಎಸ್ಸಿ. ಅರ್ಜಿಗೆ ಕೊನೆಯ ದಿನ ದಾಟಬಾರದು ಎಂದೆ. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಶುಲ್ಕ ಎಷ್ಟಂತೆ ಅತ್ತಿಗೆ?" ಎಂದರು.