ಸೇರಿಸುವ ಕರ್ತವ್ಯ, ಕಲಿಸುವ ಕರ್ತವ್ಯ: ಮನೆಶಿಕ್ಷಣ ಮತ್ತು ಶಿಕ್ಷಣ ಹಕ್ಕು ಕಾಯ್ದೆಯ 10ನೇ ಕಲಂ

ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣ ಹಕ್ಕು ಕಾಯ್ದೆ ಜಾರಿಗೆ ಬಂದದ್ದು 2010ರ ಏಪ್ರಿಲ್ 1ರಂದು. ಮಗುವನ್ನು ನೆರೆಹೊರೆಯ ಶಾಲೆಗೆ ಸೇರಿಸುವುದು ತಂದೆತಾಯಿಯರ ಕರ್ತವ್ಯ ಎನ್ನುವ ಅದರ 10ನೇ ಕಲಮಿಗೆ ಮನೆಶಿಕ್ಷಣದ, ಅಂದರೆ ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲೇ ಕಲಿಸುವುದರ, ಪ್ರತಿಪಾದಕರು ಉತ್ತರ ಹುಡುಕಬೇಕಾಗಿದೆ. ಸೇರಿಸದ ಪೋಷಕರಿಗೆ ಕಾಯ್ದೆ ದಂಡ ವಿಧಿಸುವುದಿಲ್ಲ, 8ನೇ ಕಲಮಿನ ವಿವರಣೆಯಲ್ಲಿ ‘ಕಡ್ಡಾಯ’ ಎಂಬುದು ಸರ್ಕಾರದ ಹೊಣೆ. ಇಷ್ಟರಲ್ಲಿ ತಕರಾರಿಲ್ಲ.

ಮನೆಶಿಕ್ಷಣದ ಪರ ವಾದಿಸುವವರಿಗೆ ಇದಕ್ಕಿಂತ ಗಟ್ಟಿಯಾಗಿ ಕಾಣುವ ಆಸರೆ, ರಾಜಸ್ಥಾನದ ಅನುದಾನರಹಿತ ಖಾಸಗಿ ಶಾಲೆಗಳ ಸಂಘದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2012ರ ಏಪ್ರಿಲ್ 12ರಂದು ಕೊಟ್ಟ ತೀರ್ಪು. 10ನೇ ಕಲಮಿನ ಕರ್ತವ್ಯ ನಿರ್ದೇಶನಾತ್ಮಕ ಮಾತ್ರ ಎಂದು ನ್ಯಾಯಮೂರ್ತಿ ಕೆ.ಎಸ್. ರಾಧಾಕೃಷ್ಣನ್ ಅಲ್ಲಿ ಹೇಳಿದ್ದಾರೆ. ಆದರೆ ಅದು ಭಿನ್ನಮತದ ತೀರ್ಪು. ಅದಕ್ಕಿಂತ ಮುಖ್ಯವಾಗಿ, ಆ ಮಾತಿನ ಮುಂದಿನ ಭಾಗವನ್ನೂ ಓದಬೇಕು: ಪೋಷಕರು ತಮ್ಮ ಖರ್ಚಿನಲ್ಲಿ ತಮಗೆ ಬೇಕಾದ ಶಾಲೆಗೆ ಸೇರಿಸಬಹುದು, ನೆರೆಹೊರೆಯ ಶಾಲೆಯೇ ಆಗಬೇಕಿಲ್ಲ ಎಂಬುದು ಅದರ ತಾತ್ಪರ್ಯ. ಯಾವ ಶಾಲೆ ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಶಾಲೆಯೇ ಬೇಕೆ ಎಂಬ ಪ್ರಶ್ನೆಗೆ ಹೊಂದಿಸುವುದು ನನಗೆ ಒಪ್ಪಿಗೆಯಿಲ್ಲ.

ನನ್ನ ದೃಷ್ಟಿಯಲ್ಲಿ ಆಸರೆ ಇರುವುದು ಬೇರೆಡೆ. 2002ರ 86ನೇ ತಿದ್ದುಪಡಿ, ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದ 21ಎ ವಿಧಿಯ ಜೊತೆಯಲ್ಲೇ 51ಎ(ಕೆ)ಯನ್ನೂ ಸಂವಿಧಾನಕ್ಕೆ ಸೇರಿಸಿತು. 6ರಿಂದ 14 ವರ್ಷದ ಮಗುವಿಗೆ ಶಿಕ್ಷಣದ ಅವಕಾಶ ಒದಗಿಸುವುದು ಪೋಷಕರ ಕರ್ತವ್ಯ ಎನ್ನುವ ಆ ವಾಕ್ಯದಲ್ಲಿ ಶಾಲೆಯ ಪ್ರಸ್ತಾಪವೇ ಇಲ್ಲ. ಸಂವಿಧಾನ ಹೇಳುವುದು ಕಲಿಕೆಯ ಮಾತು. ಕಾಯ್ದೆ ಹೇಳುವುದು ದಾಖಲಾತಿಯ ಮಾತು. ಹಾಗಾಗಿ 10ನೇ ಕಲಮನ್ನು 51ಎ(ಕೆ)ಯ ಬೆಳಕಿನಲ್ಲಿ ಓದಿದರೆ, ಮನೆಯಲ್ಲಿ ನಿಜವಾಗಿ ಕಲಿಯುತ್ತಿರುವ ಮಗುವಿನ ಪೋಷಕರು ಕರ್ತವ್ಯ ತಪ್ಪಿದವರಾಗುವುದಿಲ್ಲ ಎಂದು ವಾದಿಸಬಹುದು.

ವಾದಿಸಬಹುದು ಎಂದೆ; ಸಾಧಿತವಾಗಿದೆ ಎನ್ನಲಿಲ್ಲ. 51ಎ(ಕೆ)ಯಂಥ ಮೂಲಭೂತ ಕರ್ತವ್ಯಗಳನ್ನು ನ್ಯಾಯಾಲಯ ನೇರವಾಗಿ ಜಾರಿಗೊಳಿಸಲಾರದು, ಅವು ಅರ್ಥೈಸಲು ನೆರವಾಗುತ್ತವೆ ಅಷ್ಟೆ. ಶಿಕ್ಷಣ ಯಾವ ರೀತಿಯಲ್ಲಿರಬೇಕೆಂದು ಕಾನೂನಿನ ಮೂಲಕ ನಿರ್ಧರಿಸುವ ಅಧಿಕಾರವನ್ನು 21ಎ ಪ್ರಭುತ್ವಕ್ಕೇ ಕೊಟ್ಟಿದೆ. ಇಂಗ್ಲೆಂಡಿನ 1944ರ ಶಿಕ್ಷಣ ಕಾಯ್ದೆಯ 36ನೇ ಕಲಮಿನಲ್ಲಿ, ಶಾಲೆಯಲ್ಲಿ ‘ಅಥವಾ ಅನ್ಯಥಾ’ ಮಗುವಿಗೆ ಶಿಕ್ಷಣ ಸಿಗುವಂತೆ ನೋಡಿಕೊಳ್ಳಬೇಕು ಎಂಬ ಅರ್ಥದ ಮಾತಿತ್ತು; ಅದರ ಬದಲಿಗೆ ಬಂದ 1996ರ ಕಾಯ್ದೆಯಲ್ಲೂ ಅದು ಉಳಿದಿದೆ. ಅಲ್ಲಿನ ಮನೆಶಿಕ್ಷಣ ನಿಂತಿರುವುದೇ ಆ ಮಾತಿನ ಮೇಲೆ. ನಮ್ಮ ಕಾಯ್ದೆಯಲ್ಲಿ ಅಂಥದ್ದಿಲ್ಲ. ಬೇಕೆಂದೇ ಬಿಟ್ಟರು ಎಂದು ಎದುರುವಾದಿ ಹೇಳಿದರೆ ಅದನ್ನು ಸುಲಭವಾಗಿ ತಳ್ಳಿಹಾಕಲಾಗದು.

51ಎ(ಕೆ)ಯ ಬೆಳಕಿನ ಈ ಓದು ಒಂದೇ ಮನೆಯ ಮಗುವಿಗೆ ಸರಿಹೊಂದೀತು. ನಾಲ್ಕಾರು ಕುಟುಂಬಗಳು ಮಕ್ಕಳನ್ನು ಒಬ್ಬರ ಮನೆಯ ಪಡಸಾಲೆಯಲ್ಲಿ ಒಟ್ಟಿಗೆ ಕೂರಿಸಿ ಕಲಿಸಿದರೆ? ಮಾನ್ಯತೆಯಿಲ್ಲದೆ ಶಾಲೆ ನಡೆಸಿದರೆ 18ನೇ ಕಲಮಿನಂತೆ 1 ಲಕ್ಷ ರೂಪಾಯಿವರೆಗೆ ದಂಡ, ಮುಂದುವರಿಸಿದರೆ ದಿನಕ್ಕೆ 10,000. ಆದರೆ 2ನೇ ಕಲಮಿನ ವ್ಯಾಖ್ಯೆಯಲ್ಲಿ ‘ಶಾಲೆ’ ಎಂದರೆ ಮಾನ್ಯತೆ ಪಡೆದ ಶಾಲೆ. ಹಾಗಾದರೆ ಆ ಪಡಸಾಲೆ ಶಾಲೆಯಾಗುವುದು ಎಷ್ಟನೇ ಮಗು ಬಂದು ಕೂತಾಗ ಎಂಬುದಕ್ಕೆ ಕಾಯ್ದೆಯ ಪಠ್ಯದಲ್ಲಿ ಉತ್ತರವಿಲ್ಲ.