ಕಲ್ಲಲ್ಲಿ ಕೊರೆದ ಇಂಟರ್‌ಫೇಸ್

ಕಳೆದ ಸಲ ದರೋಜಿಗೆ ಹೋದಾಗ ಅಜ್ಜಿಗೆ ನನ್ನ ಕೆಲಸ ವಿವರಿಸಲು ಹೋಗಿ ಸೋತೆ. ಮೊಬೈಲ್ ಗೇಮ್‌ಗಳ ಪರದೆ, ಬಟನ್ನು ರೂಪಿಸುವುದು ನನ್ನ ಹೊಟ್ಟೆಪಾಡು. ಗೇಮ್ ತೆರೆದು ಕೈಗೆ ಕೊಟ್ಟರೆ, "ಎಲ್ಲಿ ಒತ್ತಬೇಕು ಅಂತ ಇದು ಹೇಳಂಗೇ ಇಲ್ಲಲ್ಲೋ" ಅಂದಳು. ನನಗೆ ಮುಖಭಂಗ!

ಮರುದಿನ ಹಂಪಿ. ಮಂಟಪವೊಂದರ ನೆಲದಲ್ಲಿ ಕೊರೆದ ಗೆರೆ ಕಂಡದ್ದೇ ತಡ, "ಹುಲಿ-ಕುರಿ ಆಟ" ಎಂದು ಕೂತೇಬಿಟ್ಟಳು. 3 ಹುಲಿ, 15 ಕುರಿ. ಗೆರೆ ಇದ್ದಲ್ಲಿ ನಡೆ, ಇಲ್ಲದಲ್ಲಿ ಇಲ್ಲ. ಚೌಕಾಬಾರದಲ್ಲೂ ಹಾಗೇ, 25 ಮನೆಗಳಲ್ಲಿ ಅಡ್ಡಗೀಟು ಹಾಕಿದ ಮನೆಯಲ್ಲಿ ಕೂತ ಕಾಯಿಯನ್ನು ಹೊಡೆಯುವಂತಿಲ್ಲ. ಒಂದಕ್ಷರವಿಲ್ಲದೆ ಎಲ್ಲ ತಿಳಿಯುತ್ತದೆ!

ಇವನ್ನೆಲ್ಲ ವಿಜಯನಗರದ ಅರಸರೇ ಕೊರೆಸಿದ್ದು ಅನ್ನಲು ನಾನು ತಯಾರಿಲ್ಲ. ಮಂಟಪ ಕಟ್ಟಿದ ಕಾಲವೇ ಗೀಟಿನ ಕಾಲ ಆಗಬೇಕಿಲ್ಲ. 1565ರಲ್ಲಿ ರಾಜಧಾನಿ ಬಿದ್ದ ಮೇಲೂ ದನ ಕಾಯುವವರು, ದಾರಿಹೋಕರು ಆ ನೆರಳಲ್ಲಿ ಕೂತಿರಬಹುದು.

ಅರಮನೆಯ ಆಟ ಬೇಕೆಂದರೆ ಮೈಸೂರಿಗೆ ಬರಬೇಕು. 1868ರಲ್ಲಿ ತೀರಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರು ತಾವೇ ಹೊಸ ಆಟ, ಹೊಸ ಮಣೆ ರೂಪಿಸಿದವರು. ಅವರ 'ಶ್ರೀತತ್ತ್ವನಿಧಿ'ಯ ಒಂಬತ್ತನೆಯ ಭಾಗ ಕೌತುಕನಿಧಿ, ಆಟಗಳ ಬಗ್ಗೆಯೇ ಇದೆ. ಆಮೇಲೆ ನಮ್ಮ ಕಾಲ: 1997ರಲ್ಲಿ ರಾಜೇಶ್ ರಾವ್ ಬೆಂಗಳೂರಲ್ಲಿ ಶುರು ಮಾಡಿದ ಧ್ರುವ ಇಂಟರ್‌ಆಕ್ಟಿವ್ 2019ರಲ್ಲಿ ರಾಕ್‌ಸ್ಟಾರ್ ಪಾಲಾಯಿತು.

ಅರಮನೆಯ ಆಟಕ್ಕೆ ಪುಸ್ತಕವಿದೆ, ಕಂಪನಿಗೆ ಕಡತವಿದೆ. ಮಂಟಪದ ಆಟ ನಂಬಿದ್ದು ಬಾಯಿಮಾತನ್ನು. ಅಜ್ಜಿ ಹೇಳಿದ ನಿಯಮಗಳನ್ನು ಬರೆದಿಟ್ಟುಕೊಂಡಿದ್ದೇನೆ. ನಿಮ್ಮೂರಲ್ಲಿ ಈ ಆಟಕ್ಕೆ ಏನಂತಾರೆ? ಮನೆಯ ಹಿರಿಯರನ್ನು ಈಗಲೇ ಕೇಳಿ, ಬರೆಯಿರಿ. ಗೆರೆ ಉಳಿದು ಆಟ ಮರೆತುಹೋದರೆ ಅದು ಬರೀ ಕಲ್ಲು...